ಫ್ಲೆಕ್ಸ್‌ಗೆ 12 ಫೋಟೋ ಬೇಕು: ಮೈಸೂರು ವಿವಿಯ ಹಳೆ ವಿದ್ಯಾರ್ಥಿ ಅಂದ್ರೆ ಯಾರ್ಯಾರು?

ಕೆರೆ ಏರಿ ವಾಕರ್
ನಮ್ಮ ಹಳೆ ವಿದ್ಯಾರ್ಥಿಗಳ ಸಮ್ಮಿಲನ ಹತ್ತಿರ ಬಂತು. ಬಾಗಿಲಲ್ಲಿ ದೊಡ್ಡ ಫ್ಲೆಕ್ಸ್ ಹಾಕಿಸೋಣ ಅಂತ ತೀರ್ಮಾನ ಆಗಿದೆ. ಮೇಲೆ "ಮೈಸೂರು ವಿಶ್ವವಿದ್ಯಾನಿಲಯದ ಹೆಮ್ಮೆ", ಕೆಳಗೆ 12 ಫೋಟೋ. ಹೆಸರು ಆರಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ.

ಕುವೆಂಪು, ಆರ್.ಕೆ. ನಾರಾಯಣ್, ಆರ್.ಕೆ. ಲಕ್ಷ್ಮಣ್, ಎ.ಕೆ. ರಾಮಾನುಜನ್, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, ಅನಂತಮೂರ್ತಿ, ಭೈರಪ್ಪ. ಇಷ್ಟರವರೆಗೆ ಎಲ್ಲರೂ ತಲೆಯಾಡಿಸಿದರು. ಸಿ.ಎನ್.ಆರ್. ರಾವ್, ನಾರಾಯಣ ಮೂರ್ತಿ, ಜಾವಗಲ್ ಶ್ರೀನಾಥ್ ಅಂದೆ ನೋಡಿ, ಶುರುವಾಯಿತು. ಒಬ್ಬರು, "ಇವರ್ಯಾರೂ ಮಾನಸಗಂಗೋತ್ರಿ ಕ್ಯಾಂಪಸ್‌ನಲ್ಲಿ ಕೂತು ಪಾಠ ಕೇಳಿದವರಲ್ಲ, ನಮ್ಮವರು ಹೇಗಾಗುತ್ತಾರೆ" ಅಂತ. ಇನ್ನೊಬ್ಬರು, "ಡಿಗ್ರಿ ಸರ್ಟಿಫಿಕೇಟ್ ಮೇಲೆ ಯಾವ ಹೆಸರಿದೆ ಅದನ್ನು ನೋಡಿ ಸಾಕು" ಅಂತ. ನೀವೇನಂತೀರಿ? ಬೇಗ ಹೇಳಿ, ಪ್ರಿಂಟಿಂಗ್‌ನವನು ದಿನಾ ಫೋನ್ ಮಾಡುತ್ತಿದ್ದಾನೆ.

ಹಳೇ ಬಿಎ
ಗಂಗೋತ್ರಿಯಲ್ಲಿ ಓದಿದವರು ಮಾತ್ರ ಅಂದರೆ ಕುವೆಂಪು ಅವರೇ ಔಟ್ ಆಗ್ತಾರಲ್ಲ ಸಾರ್! ಅವರು ಓದಿದ್ದು ಮಹಾರಾಜಾ ಕಾಲೇಜಿನಲ್ಲಿ, ಎಂಎ ಮುಗಿಸಿದ್ದು 1929ರಲ್ಲಿ. ಮಾನಸಗಂಗೋತ್ರಿ ಶುರುವಾಗಿದ್ದು 1960ರಲ್ಲಿ, ಅದನ್ನು ಮಾಡಿಸಿದವರೇ ಅವರು, ಕುಲಪತಿಯಾಗಿದ್ದಾಗ. ಹೆಸರಿಟ್ಟಿದ್ದೂ ಅವರೇ. ನಿಮ್ಮ ಕಮಿಟಿಯವರ ಲೆಕ್ಕದಲ್ಲಿ ನಾರಾಯಣ್, ಲಕ್ಷ್ಮಣ್, ರಾಮಾನುಜನ್, ಶ್ರೀನಿವಾಸ್ ಒಬ್ಬರೂ ಉಳಿಯಲ್ಲ.

ಪಡುವಾರಹಳ್ಳಿ ಪುಟ್ಟ
ಮೇಲಿನವರು ಒಂದೇ ಬಾಲಿಗೆ ಆಲೌಟ್ ಮಾಡಿದರು 😄

ಗಣಿತದ ಮೇಡಂ
ಡಿಗ್ರಿ ಯಾರು ಕೊಟ್ಟರು ಅನ್ನೋದೇ ಸರಿಯಾದ ಅಳತೆ. 1916ರ ಜುಲೈ 27ಕ್ಕೆ ವಿವಿ ಶುರುವಾದಾಗ ಇದ್ದಿದ್ದು ಮುಖ್ಯವಾಗಿ ಎರಡು ಕಾಲೇಜು: ಮೈಸೂರಿನ ಮಹಾರಾಜಾ, ಬೆಂಗಳೂರಿನ ಸೆಂಟ್ರಲ್. ಬೆಂಗಳೂರು ವಿವಿ ಬೇರೆಯಾಗಿದ್ದು 1964ರಲ್ಲಿ. ಅಲ್ಲಿಯವರೆಗೆ ಸೆಂಟ್ರಲ್ ಕಾಲೇಜಿನ ಹುಡುಗರೆಲ್ಲ ಮೈಸೂರು ವಿವಿಯ ಹುಡುಗರೇ. ಸಿ.ಎನ್.ಆರ್. ರಾವ್ ಬಿಎಸ್ಸಿ ಮಾಡಿದ್ದು 1951ರಲ್ಲಿ. ಅವರನ್ನು ಬಿಡೋಕೆ ಕಾರಣವೇ ಇಲ್ಲ. ಆಮೇಲೆ ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಹೆಸರು ಯಾಕೆ ಯಾರೂ ಹೇಳಲ್ಲ? ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಿಂದ 1953ರಲ್ಲಿ ಬಿಇ. ಅದೂ ಮೈಸೂರು ವಿವಿ ಡಿಗ್ರಿಯೇ.

ನಾಗರಬಾವಿ ನಿವಾಸಿ
ಅಂದರೆ ನಮ್ಮ ಬೆಂಗಳೂರಿನವರನ್ನೆಲ್ಲ ನಿಮ್ಮ ಫ್ಲೆಕ್ಸ್‌ಗೆ ಎಳ್ಕೊಳ್ಳೋದಾ? ಸೆಂಟ್ರಲ್ ಕಾಲೇಜು ಈಗ ಬೆಂಗಳೂರು ನಗರ ವಿವಿ. ಅವರೂ ಸಿ.ಎನ್.ಆರ್. ರಾವ್ ನಮ್ಮವರು ಅಂತಾರೆ.

ಗಣಿತದ ಮೇಡಂ
ಅವರೂ ಹೇಳಲಿ ಬಿಡಿ. ಒಬ್ಬರ ಫೋಟೋ ಎರಡು ಕಡೆ ಇದ್ದರೆ ಯಾರ ಗಂಟೇನು ಹೋಗುತ್ತೆ?

ತಿಪಟೂರು ಕೊಬ್ಬರಿ
ಸರ್ ಎಂ. ವಿಶ್ವೇಶ್ವರಯ್ಯ ಅವರ ಫೋಟೋ ಮೊದಲು ಹಾಕಿ. ಸೆಂಟ್ರಲ್ ಕಾಲೇಜಿನವರೇ ಅಲ್ವಾ. ಹಾಗೇ ಮಾಸ್ತಿ ಅವರದ್ದು. ಇಬ್ಬರನ್ನೂ ಬಿಟ್ಟು ಏನು ಫ್ಲೆಕ್ಸ್.

ಹಳೇ ಬಿಎ
ಕೊಬ್ಬರಿ ಅಣ್ಣ, ನಿಧಾನ. ವಿಶ್ವೇಶ್ವರಯ್ಯನವರು ಬಿಎ ಮಾಡಿದ್ದು 1881ರಲ್ಲಿ. ಆಗ ಸೆಂಟ್ರಲ್ ಕಾಲೇಜು ಮದ್ರಾಸ್ ವಿವಿಯ ಕೈಕೆಳಗೆ ಇತ್ತು. ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ಮಾಸ್ತಿ ಎಂಎ ಮಾಡಿದ್ದು 1914ರಲ್ಲಿ, ಅದೂ ಮದ್ರಾಸ್. ಮೈಸೂರು ವಿವಿ ಆಗ ಹುಟ್ಟೇ ಇರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿ, ನಾಲ್ವಡಿಯವರ ಜೊತೆ ನಿಂತು ಇದನ್ನು ಕಟ್ಟಿದವರು. ಅವರನ್ನು ಹಳೆ ವಿದ್ಯಾರ್ಥಿ ಅನ್ನೋದು, ಮನೆ ಕಟ್ಟಿಸಿದ ಯಜಮಾನನನ್ನು ಬಾಡಿಗೆದಾರ ಅಂದ ಹಾಗೆ.

ತಿಪಟೂರು ಕೊಬ್ಬರಿ
ಸರಿ ಸ್ವಾಮಿ. ಹಾಗಾದರೆ ನಾಲ್ವಡಿಯವರದ್ದು, ವಿಶ್ವೇಶ್ವರಯ್ಯನವರದ್ದು, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರದ್ದು, ಮೂರೂ ಫೋಟೋ ಮೇಲ್ಗಡೆ ಬೇರೆ ಸಾಲಿನಲ್ಲಿ ಬರಲಿ. 12ರ ಲೆಕ್ಕಕ್ಕೆ ಬೇಡ.

ಕೆರೆ ಏರಿ ವಾಕರ್
ಇದು ಒಳ್ಳೇ ಐಡಿಯಾ. ಬರ್ಕೊಂಡೆ.

ಐಟಿ ಹುಡುಗ, ಆಸ್ಟಿನ್
ನಾರಾಯಣ ಮೂರ್ತಿ ಹಾಕುವುದಾದರೆ ಸುಧಾ ಮೂರ್ತಿ ಅವರನ್ನೂ ಹಾಕಿ, ಮಹಿಳೆಯರು ಒಬ್ಬರೂ ಇಲ್ಲ ಲಿಸ್ಟಿನಲ್ಲಿ.

ಗಣಿತದ ಮೇಡಂ
ಸುಧಾ ಮೂರ್ತಿ ಓದಿದ್ದು ಹುಬ್ಬಳ್ಳಿಯ ಬಿವಿಬಿ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಆಮೇಲೆ ಬೆಂಗಳೂರಿನ ಐಐಎಸ್ಸಿ. ನಾರಾಯಣ ಮೂರ್ತಿ ಸರಿ. ಮೈಸೂರಿನ ಎನ್‌ಐಇ ಇಂಜಿನಿಯರಿಂಗ್ ಕಾಲೇಜಿನಲ್ಲಿ 1967ರ ಬಿಇ, ಮೈಸೂರು ವಿವಿ ಡಿಗ್ರಿ.

ಆದರೆ ನೀವು ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿದೆ. ಇಷ್ಟು ಹೊತ್ತು ಗಂಡಸರ ಹೆಸರೇ ಓಡುತ್ತಿದೆ. ನಾನು ಒಂದು ಹೆಸರು ಕೊಡುತ್ತೇನೆ, ಇದನ್ನು ಬಿಟ್ಟರೆ ನಾನು ಸಮ್ಮಿಲನಕ್ಕೇ ಬರಲ್ಲ: ರಾಜೇಶ್ವರಿ ಚಟರ್ಜಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಬಿಎಸ್ಸಿ ಆನರ್ಸ್, ಎಂಎಸ್ಸಿ, ಎರಡೂ ಮೈಸೂರು ವಿವಿ. ಎಂಎಸ್ಸಿಯಲ್ಲಿ ಮೊದಲ ರ‍್ಯಾಂಕ್. ಅಮೆರಿಕದ ಮಿಶಿಗನ್‌ಗೆ ಹೋಗಿ 1953ರಲ್ಲಿ ಪಿಎಚ್‌ಡಿ ಮುಗಿಸಿ, ವಾಪಸ್ ಬಂದು ಐಐಎಸ್ಸಿಯಲ್ಲಿ ಪಾಠ ಮಾಡಿದರು. ಅಲ್ಲಿ ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಲ್ಯಾಬ್ ಕಟ್ಟಿದರು. ರಾಡಾರ್‌ಗೆ, ಆಂಟೆನಾಗೆ ಬೇಕಾದ ವಿದ್ಯೆ ಅದು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಅವರನ್ನು ಕರೆಯುತ್ತಾರೆ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಕೂಡ ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ನನ್ನ ಕ್ಲಾಸಿನಲ್ಲಿ ಈ ಹೆಸರು ಗೊತ್ತಾ ಅಂತ ಕೇಳಿದರೆ ಒಂದು ಕೈಯೂ ಏಳಲ್ಲ. ಆರ್.ಕೆ. ಲಕ್ಷ್ಮಣ್ ಅಂದರೆ ಎಲ್ಲ ಕೈ ಮೇಲೆ.

ಮಹಾರಾಣಿ 84
ಮೇಡಂಗೆ ಜೈ. ತ್ರಿವೇಣಿ ಅವರನ್ನೂ ಸೇರಿಸಿ. ಮೈಸೂರಿನಲ್ಲೇ ಮನಃಶಾಸ್ತ್ರ ಓದಿದವರು, ಅದನ್ನೇ ಕಾದಂಬರಿಗೆ ತಂದವರು. ನಮ್ಮ ಅಮ್ಮನ ಕಾಲದವರು ಊಟ ಬಿಟ್ಟು ಓದುತ್ತಿದ್ದರು.

ಕ್ಲರ್ಕ್ ಕೃಪೆ
ಎಲ್ಲ ಸರಿ. ನನಗೆ ಒಂದು ಡೌಟು. ಇವರು ಸಾಧನೆ ಮಾಡಿದ್ದರಲ್ಲಿ ವಿವಿಯ ಪಾತ್ರ ಎಷ್ಟು? ಆರ್.ಕೆ. ನಾರಾಯಣ್ ವಿವಿಯ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೆಯಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿದರು. ಆಮೇಲೆ ಮೂರು ವರ್ಷದ ಬಿಎಗೆ ನಾಲ್ಕು ವರ್ಷ ತಗೊಂಡು 1930ರಲ್ಲಿ ಮುಗಿಸಿದರು. ತಮ್ಮ ಲಕ್ಷ್ಮಣ್ ಮೊದಲು ಅರ್ಜಿ ಹಾಕಿದ್ದು ಮುಂಬೈಯ ಜೆ.ಜೆ. ಚಿತ್ರಕಲಾ ಶಾಲೆಗೆ. ಅವರು ಪ್ರತಿಭೆ ಸಾಲದು ಅಂತ ವಾಪಸ್ ಕಳಿಸಿದ್ದಕ್ಕೆ ಮೈಸೂರಿನಲ್ಲಿ ಬಿಎ ಸೇರಿದರು. ಒಬ್ಬರನ್ನು ವಿವಿ ಫೇಲ್ ಮಾಡಿತು, ಇನ್ನೊಬ್ಬರಿಗೆ ವಿವಿ ಎರಡನೇ ಆಯ್ಕೆ. ಇಬ್ಬರೂ ಈಗ "ನಮ್ಮ ಹೆಮ್ಮೆ".

ಹಳೇ ಬಿಎ
ಮಾತು ಚೆನ್ನಾಗಿದೆ, ಅರ್ಧ ಮಾತ್ರ ನಿಜ. ನಾರಾಯಣ್ ಅಪ್ಪ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರ್. ಆ ಶಾಲೆಯ ಲೈಬ್ರರಿ ಹುಡುಗನ ಕೈಗೆ ಸಿಕ್ಕಿತು. ಲಕ್ಷ್ಮಣ್ ಮೈಸೂರಿನಲ್ಲಿ ಇದ್ದಾಗಲೇ ಕೊರವಂಜಿ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದರು. ರಾಮಾನುಜನ್ ಅಪ್ಪ ಇದೇ ವಿವಿಯಲ್ಲಿ ಗಣಿತದ ಪ್ರೊಫೆಸರ್. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಅಪ್ಪನ ಕೋಣೆಯಲ್ಲಿ ಇಂಗ್ಲಿಷ್. ಹೀಗೆ ಬೆಳೆದ ಹುಡುಗ ಶಿಕಾಗೋಗೆ ಹೋಗಿ ವಚನಗಳನ್ನು ಇಂಗ್ಲಿಷಿಗೆ ತಂದಿದ್ದರಲ್ಲಿ ಆಶ್ಚರ್ಯ ಏನಿದೆ? ವಿವಿ ಅಂದರೆ ಪರೀಕ್ಷೆ ಒಂದೇ ಅಲ್ಲ. ಊರಲ್ಲಿ ಒಂದು ವಿವಿ ಇದ್ದರೆ ಅದರ ಸುತ್ತ ಲೈಬ್ರರಿ, ಮೇಷ್ಟ್ರು, ಪತ್ರಿಕೆ, ಕಾಫಿ ಹೋಟೆಲು ಎಲ್ಲ ಬೆಳೆಯುತ್ತೆ.

ಕಾಫಿ ಡಿಕಾಕ್ಷನ್
ಕಾಫಿ ಹೋಟೆಲ್ ಅಂದಾಗ ನೆನಪಾಯಿತು. 50ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು, ಅನಂತಮೂರ್ತಿ ಇವರೆಲ್ಲ ಮೈಸೂರಿನ ಕಾಫಿ ಹೌಸ್‌ನಲ್ಲಿ ಕೂತು ಮಾಡಿದ ಚರ್ಚೆಗಳೇ ನವ್ಯ ಸಾಹಿತ್ಯಕ್ಕೆ ಅರ್ಧ ಸಿಲಬಸ್. ಅದಕ್ಕೆ ಯಾವ ಸರ್ಟಿಫಿಕೇಟೂ ಇಲ್ಲ.

ಪಡುವಾರಹಳ್ಳಿ ಪುಟ್ಟ
ನಾವೂ ದಿನಾ ಟೀ ಅಂಗಡಿ ಮುಂದೆ ಕೂತು ಚರ್ಚೆ ಮಾಡಿದೆವು. ಬಂದಿದ್ದು ನವ್ಯ ಅಲ್ಲ, ಸಾಲದ ಚೀಟಿ.

ಫಿಲಾಸಫಿ ಹಿಂದಿನ ಬೆಂಚು
ಮೇಷ್ಟ್ರುಗಳ ವಿಷಯ ಬಂತಲ್ಲ. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರದ ಪ್ರೊಫೆಸರ್. ಕಲ್ಕತ್ತಾಗೆ ಹೊರಟಾಗ ಹುಡುಗರು ಗಾಡಿಯ ಕುದುರೆ ಬಿಚ್ಚಿ ತಾವೇ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು. ಭಾರತೀಯ ತತ್ವಶಾಸ್ತ್ರದ ವಿದ್ವಾಂಸ ಹಿರಿಯಣ್ಣ ಇಲ್ಲೇ ಇದ್ದರು. ಇಂಗ್ಲಿಷ್ ಮೇಷ್ಟ್ರಾಗಿದ್ದುಕೊಂಡು ಊರೂರು ತಿರುಗಿ ಕನ್ನಡದ ಬಗ್ಗೆ ಭಾಷಣ ಮಾಡಿದ ಬಿ.ಎಂ.ಶ್ರೀ. ಕುವೆಂಪು ಅವರನ್ನು ಕನ್ನಡ ಎಂಎಗೆ ಎಳೆದ ಟಿ.ಎಸ್. ವೆಂಕಣ್ಣಯ್ಯ. ಇವರ ಫೋಟೋ ಹಾಕದೆ ಶಿಷ್ಯರ ಫೋಟೋ ಹಾಕೋದು ಯಾವ ನ್ಯಾಯ? ನನ್ನ ಕೇಳಿದರೆ 12ರಲ್ಲಿ ಆರು ಮೇಷ್ಟ್ರು.

ಐಟಿ ಹುಡುಗ, ಆಸ್ಟಿನ್
ಕುದುರೆ ಕಥೆ ಪ್ರತಿ ಶಿಕ್ಷಕರ ದಿನಾಚರಣೆಗೂ ವಾಟ್ಸಾಪ್‌ನಲ್ಲಿ ಬರುತ್ತೆ ಸಾರ್, ಸಾಕಾಯಿತು.

ಫಿಲಾಸಫಿ ಹಿಂದಿನ ಬೆಂಚು
ಬರಲಿ ಬಿಡಿ. ನಿಮ್ಮ ಮ್ಯಾನೇಜರ್ ಕೆಲಸ ಬಿಟ್ಟಾಗ ಕಾರು ತಳ್ಳೋಕೆ ಯಾರಾದರೂ ಬರ್ತಾರಾ ನೋಡೋಣ.

ಚಾಮರಾಜನಗರದ ಹುಡುಗ
ಒಂದು ವಿಷಯ ಯಾರೂ ಹೇಳುತ್ತಿಲ್ಲ. ಇಷ್ಟು ಜನ ಓದಿದರು ಅಂತೀರಿ. ಉಂಡಿದ್ದು ಎಲ್ಲಿ? ಮಲಗಿದ್ದು ಎಲ್ಲಿ? ಕುವೆಂಪು ರಾಮಕೃಷ್ಣ ಆಶ್ರಮದಲ್ಲಿ ಇದ್ದುಕೊಂಡು ಓದಿದರು. ಭೈರಪ್ಪ ವಾರಾನ್ನ ಮಾಡಿಕೊಂಡು ಓದಿದವರು, ಎಂಎಗೆ ಚಿನ್ನದ ಪದಕ ಬಂತು. ಸುತ್ತೂರು ಮಠದ ರಾಜೇಂದ್ರ ಸ್ವಾಮಿಗಳು ನಡೆಸಿದ ಉಚಿತ ಹಾಸ್ಟೆಲಿನಲ್ಲಿ ಎಷ್ಟು ಹಳ್ಳಿ ಹುಡುಗರು ಊಟ ಮಾಡಿದರೋ. ಜಾತಿಗೊಂದು ಹಾಸ್ಟೆಲ್ ಇತ್ತು, ಅದರ ಬಗ್ಗೆ ಏನೇ ಹೇಳಿ, ಆ ಹಾಸ್ಟೆಲ್ ಇಲ್ಲದಿದ್ದರೆ ಹಳ್ಳಿಯ ಹುಡುಗನಿಗೆ ಮೈಸೂರಿನ ಕಾಲೇಜು ಬರೀ ಹೊರಗಿನಿಂದ ನೋಡುವ ಕಟ್ಟಡ ಅಷ್ಟೇ.

ನಾನೂ ಹಾಸ್ಟೆಲಿನವನೇ. ಯಾವ ಹಾಸ್ಟೆಲ್ ಅಂತ ಹೇಳಲ್ಲ. ಸಾರಿನಲ್ಲಿ ಬೇಳೆ ಹುಡುಕುತ್ತಾ ಕೂತರೆ ಮೊದಲ ಕ್ಲಾಸ್ ತಪ್ಪಿಹೋಗುತ್ತಿತ್ತು. ಆದರೂ ಆ ಸೀಟು ಸಿಗದೆ ಇದ್ದಿದ್ದರೆ ನಾನು ಊರಲ್ಲೇ ಇರುತ್ತಿದ್ದೆ. ಸೀಟು ಸಿಗದ ನನ್ನ ಗೆಳೆಯ ಊರಿಗೆ ವಾಪಸ್ ಹೋದ, ನನಗಿಂತ ಬುದ್ಧಿವಂತ ಅವನು. ಅದಕ್ಕೇ ಈ ಫೋಟೋ ಪಟ್ಟಿ ನೋಡಿದಾಗ ನನಗೆ ಸಿಟ್ಟೂ ಬರುತ್ತೆ. ಹನ್ನೆರಡು ಜನ ಆಕಾಶದಿಂದ ಇಳಿದು ಬಂದ ಹಾಗೆ ಹಾಕ್ತೀರಿ.

ಮಹಾರಾಣಿ 84
ನಿಜ ತಮ್ಮ. ಹೆಣ್ಣುಮಕ್ಕಳಿಗಂತೂ ಹಾಸ್ಟೆಲ್ ಇದೆಯಾ ಅಂತ ಕೇಳಿದ ಮೇಲೇ ಅಪ್ಪ ಅರ್ಜಿಗೆ ಸಹಿ ಹಾಕುತ್ತಿದ್ದಿದ್ದು.

ಒಂಟಿಕೊಪ್ಪಲು
ಚಾಮರಾಜನಗರದವರು ಹೇಳಿದ್ದಕ್ಕೆ ಸೇರಿಸುತ್ತೇನೆ. ದೇವನೂರ ಮಹಾದೇವ ಹೆಸರು ಇಲ್ಲಿಯವರೆಗೆ ಬರಲೇ ಇಲ್ಲ ಅಂದರೆ ಏನರ್ಥ? ಇದೇ ವಿವಿಯ ಕನ್ನಡ ಎಂಎ. 70ರ ದಶಕದ ಮೈಸೂರು ಕ್ಯಾಂಪಸ್ ಅಂದರೆ ಸಮಾಜವಾದಿ ಯುವಜನ ಸಭಾ, ರಾತ್ರಿಯೆಲ್ಲ ಸಭೆ, ಪೋಸ್ಟರ್. 1973ರ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಮೈಸೂರಿನಲ್ಲೇ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಿದ್ದು. ರಾಜ್ಯ ಪೂರ್ತಿ ಗಲಾಟೆ. ದಲಿತ ಹುಡುಗರ ಹಾಸ್ಟೆಲುಗಳ ಮೇಲೆ ಹಲ್ಲೆ. ಬಸವಲಿಂಗಪ್ಪ ರಾಜೀನಾಮೆ ಕೊಟ್ಟರು. ಮುಂದೆ ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಈ ಬಿಸಿಯಲ್ಲೇ. ಕ್ಯಾಂಪಸ್ ಜೀವನ ಅಂದರೆ ಬರೀ ಕೆರೆ, ಮರ, ಲವ್ ಅಲ್ಲ ಸ್ವಾಮಿ.

ಕೆರೆ ಏರಿ ವಾಕರ್
ದೇವನೂರರ ಹೆಸರು ನನ್ನ ಕರಡಿನಲ್ಲಿ ಇತ್ತು. ಅವರು ಇಂಥ ಫ್ಲೆಕ್ಸ್‌ಗೆಲ್ಲ ಒಪ್ಪುವವರಲ್ಲ ಅಂತ ಒಬ್ಬರು ಹೇಳಿದ್ದಕ್ಕೆ ತಡೆಹಿಡಿದಿದ್ದೆ.

ಒಂಟಿಕೊಪ್ಪಲು
ಅದೂ ನಿಜ. ಬೈದರೂ ಬೈಬಹುದು 😄

ತಿಪಟೂರು ಕೊಬ್ಬರಿ
ರಾಜಕಾರಣಿಗಳು ಬೇಡವಾ? ಎಸ್.ಎಂ. ಕೃಷ್ಣ ಮಹಾರಾಜಾ ಕಾಲೇಜು. ಸಿದ್ದರಾಮಯ್ಯ ಬಿಎಸ್ಸಿ, ಎಲ್‌ಎಲ್‌ಬಿ ಎರಡೂ ಮೈಸೂರು ವಿವಿ.

ಗಣಿತದ ಮೇಡಂ
ಒಬ್ಬರನ್ನು ಹಾಕಿದರೆ ಇನ್ನೊಂದು ಪಕ್ಷದವರು ಫ್ಲೆಕ್ಸ್ ಹರೀತಾರೆ. ಬೇಡ.

ಕ್ಲರ್ಕ್ ಕೃಪೆ
ನಿಮ್ಮ ಜಗಳಕ್ಕೆ ಇನ್ನೊಂದು ಸೌದೆ. ವಿವಿಯ ಅತಿ ದೊಡ್ಡ ಸಾಧನೆಗಳಿಗೆ ಮುಖವೇ ಇಲ್ಲ. ಓರಿಯೆಂಟಲ್ ಲೈಬ್ರರಿಗೆ ಒಬ್ಬ ಪಂಡಿತರು ತಂದುಕೊಟ್ಟ ತಾಳೆಗರಿ ಕಟ್ಟಿನಲ್ಲಿ ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಗುರುತಿಸಿದರು, 1909ರಲ್ಲಿ ಅಚ್ಚಾಯಿತು. ಆ ಲೈಬ್ರರಿ ಆಮೇಲೆ ವಿವಿಗೆ ಸೇರಿತು. 1946ರ ಇಂಗ್ಲಿಷ್ ಕನ್ನಡ ನಿಘಂಟು. 1969ರಿಂದ ಬಂದ ಕನ್ನಡ ವಿಶ್ವಕೋಶ, 14 ಸಂಪುಟ. ಅದರಲ್ಲಿ ಎಷ್ಟು ಜನ ಸಹಾಯಕರು, ಪ್ರೂಫ್ ನೋಡಿದವರು, ಕಾರ್ಡು ಬರೆದವರು! ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯಕ್ಕೆ ಹಳ್ಳಿಹಳ್ಳಿ ತಿರುಗಿ ಸಾಮಾನು ಹೊತ್ತು ತಂದವರು. ಅವರಲ್ಲಿ ಅರ್ಧ ಜನ ಇದೇ ವಿವಿಯಲ್ಲಿ ಓದಿದವರಿರಬೇಕು. ಬೇರೆ ಕಡೆ ಹೋಗಿ ಹೆಸರು ಮಾಡಿದವರನ್ನು ಹುಡುಕಿ ಹುಡುಕಿ ಹಾಕ್ತೀವಿ, ಇಲ್ಲೇ ಉಳಿದು ದುಡಿದವರನ್ನು ಲೆಕ್ಕಕ್ಕೇ ಇಡಲ್ಲ. ನನ್ನ ತಕರಾರು ಇಷ್ಟೇ.

ಹಳೇ ಬಿಎ
ಇದಕ್ಕೆ ನನ್ನ ಎರಡು ಕೈ ಎತ್ತಿದೆ. ಅಂದಹಾಗೆ ಎಂ.ಎನ್. ಶ್ರೀನಿವಾಸ್ ಅವರ ಹಳ್ಳಿ ಅಧ್ಯಯನದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿದವು ಗೊತ್ತಲ್ಲ. ನೆನಪಿನಿಂದಲೇ ಇಡೀ ಪುಸ್ತಕ ಬರೆದರು. ಆ ಹಳ್ಳಿ ಮೈಸೂರಿಗೆ ಹತ್ತಿರದ್ದೇ.

ನಾಗರಬಾವಿ ನಿವಾಸಿ
ಈಗಿನ ಕಥೆ ಯಾರಾದರೂ ಹೇಳಿ. ಮಂಗಳೂರು 1980ರಲ್ಲಿ ಬೇರೆ ಹೋಯಿತು, ಕುವೆಂಪು ವಿವಿ 1987ರಲ್ಲಿ, ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ವಿಟಿಯುಗೆ. ಈಚೆಗೆ ಮಂಡ್ಯ, ಹಾಸನ, ಚಾಮರಾಜನಗರಕ್ಕೂ ಬೇರೆ ವಿವಿ ಮಾಡಿದರು. ಕಾಲೇಜು ಹೋದರೆ ಪರೀಕ್ಷಾ ಶುಲ್ಕ ಹೋಯಿತು, ಪಿಂಚಣಿ ಮಾತ್ರ ಇಲ್ಲೇ ಉಳಿಯಿತು. ಕಾಯಂ ಮೇಷ್ಟ್ರ ಹುದ್ದೆ ಖಾಲಿ, ಅತಿಥಿ ಉಪನ್ಯಾಸಕರ ಮೇಲೆ ಪಾಠ. ಇಂಥ ಹೊತ್ತಿನಲ್ಲಿ ಇನ್ನು 50 ವರ್ಷಕ್ಕೆ ಹಾಕೋ ಫ್ಲೆಕ್ಸ್‌ನಲ್ಲಿ ಯಾರ ಫೋಟೋ ಇರುತ್ತೆ?

ಗೆಸ್ಟ್ ಲೆಕ್ಚರರ್
ನನ್ನದು ಇರಲ್ಲ ಅನ್ನೋದು ಗ್ಯಾರಂಟಿ. ಬೇರೆ ಊರಿನ ಒಂದು ಕಾಲೇಜಿನಲ್ಲಿ ಪಾಠ ಮಾಡ್ತೀನಿ. ಸಂಬಳ ಯಾವಾಗ ಬರುತ್ತೆ ಅಂತ ಕೇಳಬೇಡಿ. ಆದರೂ ಹೇಳ್ತೀನಿ, ಮೊನ್ನೆ ನನ್ನ ಒಬ್ಬ ವಿದ್ಯಾರ್ಥಿನಿ ಗಂಗೋತ್ರಿಗೆ ಎಂಎಸ್ಸಿಗೆ ಸೇರಿದಳು. ಕುರಿ ಕಾಯೋ ಮನೆಯ ಹುಡುಗಿ. ಅವಳು ಅಲ್ಲಿಂದ ಫೋನ್ ಮಾಡಿ "ಸಾರ್, ಲೈಬ್ರರಿಯಲ್ಲಿ ಕೂರೋಕೆ ಜಾಗ ಹಿಡಿಯಬೇಕು ಅಂದರೆ ಬೆಳಿಗ್ಗೆ ಓಡಬೇಕು" ಅಂದಳು. ಈಗಲೂ ಲೈಬ್ರರಿಗೆ ಓಡೋ ಮಕ್ಕಳು ಇದ್ದಾರೆ ಅಂತ ಖುಷಿಯಾಯಿತು.

ಪಡುವಾರಹಳ್ಳಿ ಪುಟ್ಟ
ಅವರು ಸ್ಪರ್ಧಾತ್ಮಕ ಪರೀಕ್ಷೆಯವರು ಅಣ್ಣ. ಕೆಎಎಸ್, ಪಿಡಿಒ, ಎಫ್‌ಡಿಎ. ಬ್ಯಾಗ್ ಇಟ್ಟು ಜಾಗ ಹಿಡಿದು ಟೀಗೆ ಹೋಗ್ತಾರೆ. ಪಡುವಾರಹಳ್ಳಿ ರೂಮುಗಳಲ್ಲಿ ಅರ್ಧ ಜನ ಅವರೇ.

ಗೆಸ್ಟ್ ಲೆಕ್ಚರರ್
ಅದನ್ನೂ ಕೀಳಾಗಿ ನೋಡಬೇಡಿ. ಮನೆಯಲ್ಲಿ ಮೊದಲ ಸಲ ಸರ್ಕಾರಿ ಕೆಲಸ ಹಿಡಿದವನ ಸಾಧನೆ ಯಾವ ಪ್ರಶಸ್ತಿಗೆ ಕಡಿಮೆ?

ಪಡುವಾರಹಳ್ಳಿ ಪುಟ್ಟ
ಕೀಳಾಗಿ ನೋಡ್ತಿಲ್ಲ, ನಾನೂ ಅದರಲ್ಲೇ ಇದ್ದೀನಿ. ಬ್ಯಾಗ್ ನನ್ನದೇ.

ಕಾಫಿ ಡಿಕಾಕ್ಷನ್
ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನೋಡೋಕೆ ಯಾರಾದರೂ ಹೋಗ್ತೀರಾ ಈ ಸಲ ದಸರಾಗೆ? ನಮ್ಮ ಕಾಲದಲ್ಲಿ ಮೆಟ್ಟಿಲ ಮೇಲೆ ಕೂತು ಅದೇ ಜಾಗದಲ್ಲಿ ನಾಟಕ ನೋಡುತ್ತಿದ್ದೆವು. ಈಗ ಕಾಲಿಡೋಕೆ ಜಾಗ ಇರಲ್ಲ.

ಮಹಾರಾಣಿ 84
ವಿಷಯ ಬಿಟ್ಟು ಹೋಗಬೇಡಿ. ಸರಿ, ನಾನು ಬರ್ತೀನಿ.

ಕೆರೆ ಏರಿ ವಾಕರ್
ನಿಮ್ಮೆಲ್ಲರ ಬೈಗುಳ ಕಮಿಟಿ ಮುಂದೆ ಓದಿದೆ. ಈಗ ಆಗಿರೋದು ಇದು. ಡಿಗ್ರಿ ಮೈಸೂರು ವಿವಿಯದ್ದಾಗಿದ್ದರೆ ಸಾಕು, ಕಾಲೇಜು ಯಾವುದಾದರೂ ಆಗಲಿ. ರಾಜೇಶ್ವರಿ ಚಟರ್ಜಿ, ತ್ರಿವೇಣಿ ಬಂದರು. ಶ್ರೀನಾಥ್ ಉಳಿದರು, ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್ ಓದುವಾಗ ಅದಿನ್ನೂ ಮೈಸೂರು ವಿವಿಯ ಕೈಕೆಳಗೆ ಇತ್ತು. ಲಕ್ಷ್ಮಣ್ ಮತ್ತು ನಾರಾಯಣ್ ಅಣ್ಣತಮ್ಮ ಇಬ್ಬರೂ ಒಂದೇ ಫೋಟೋದಲ್ಲಿ, ಜಾಗ ಉಳಿಯಿತು. ಮೇಷ್ಟ್ರುಗಳಿಗೆ ಬೇರೆ ಫ್ಲೆಕ್ಸ್, ದುಡ್ಡು ಫಿಲಾಸಫಿಯವರು ಕೊಡ್ತಾರೆ ಅಂತ ಹೇಳಿಬಿಟ್ಟಿದ್ದೀನಿ. ಕ್ಲರ್ಕ್ ಅವರ ಮಾತಿಗೆ ನಿಘಂಟು ಮತ್ತು ವಿಶ್ವಕೋಶದ ಸಂಪುಟಗಳನ್ನು ಮೇಜಿನ ಮೇಲೆ ಇಡ್ತೀವಿ. ಹಾಸ್ಟೆಲ್ ವಿಷಯಕ್ಕೆ ಈ ಸಲ ಉಳಿದ ದುಡ್ಡಿನಲ್ಲಿ ಇಬ್ಬರು ಮಕ್ಕಳ ರೂಮ್ ಬಾಡಿಗೆ ಕಟ್ಟೋಣ ಅಂತ ಮಾತಾಗಿದೆ. ದುಡ್ಡು ಉಳಿದರೆ.

ಫಿಲಾಸಫಿ ಹಿಂದಿನ ಬೆಂಚು
ನಾನು ಯಾವಾಗ ದುಡ್ಡು ಕೊಡ್ತೀನಿ ಅಂದೆ?!

ಚಾಮರಾಜನಗರದ ಹುಡುಗ
"ಉಳಿದರೆ" ಅನ್ನೋದು ಬೇಡ ಸಾರ್. ಬಾಡಿಗೆ ಮೊದಲು ತೆಗೆದಿಡಿ, ಫ್ಲೆಕ್ಸ್ ಸೈಜ್ ಕಡಿಮೆ ಮಾಡಿ. ಒಬ್ಬ ಹುಡುಗನದ್ದು ನಾನು ಹಾಕ್ತೀನಿ, ಯಾರಿಗೆ ಕಳಿಸಬೇಕು ಹೇಳಿ.

ಗಣಿತದ ಮೇಡಂ
ಇನ್ನೊಬ್ಬಳದ್ದು ನನ್ನದು. ಹುಡುಗಿಗೇ ಹೋಗಬೇಕು.

ಐಟಿ ಹುಡುಗ, ಆಸ್ಟಿನ್
ಡಾಲರ್‌ನಲ್ಲಿ ಕಳಿಸಿದರೆ ತೊಂದರೆ ಇದೆಯಾ? ಸಂಘದ ಅಕೌಂಟಿಗೆ ವಿದೇಶಿ ದುಡ್ಡು ತಗೊಳ್ಳೋಕೆ ಪರ್ಮಿಷನ್ ಬೇಕು ಅಂತ ಕೇಳಿದ್ದೆ.

ಕ್ಲರ್ಕ್ ಕೃಪೆ
ಬೇಕು. ಆದರೆ ಅದು ವಿದೇಶಿ ಪೌರರ ದುಡ್ಡಿಗೆ. ನೀವು ಇನ್ನೂ ಭಾರತದ ಪೌರರೇ ಆಗಿದ್ದರೆ ನಿಮ್ಮ ಸ್ವಂತ ಉಳಿತಾಯದ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಬಹುದು.